ಉಳಿದ ಗುಳ್ಳೆ

ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಉರಿಯುವುದಿಲ್ಲ, ಉರಿಯಲು ಸಹಾಯ ಮಾಡುವುದೂ ಇಲ್ಲ, ಯಾವುದರೊಡನೆಯೂ ಕೂಡುವುದಿಲ್ಲ. ಹೈಸ್ಕೂಲಿನ ಪಠ್ಯಪುಸ್ತಕದಲ್ಲಿ ಆರ್ಗಾನ್ ಎಂಬ ಅನಿಲದ ಬಗ್ಗೆ ಇದ್ದ ವಿವರಣೆ ಇಷ್ಟೇ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟ ನಾನು ಈ ‘ಇಲ್ಲ’ಗಳ ಪಟ್ಟಿಯನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ಗಿಟ್ಟಿಸಿದ್ದಾರೆ. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಅದು ಏನೂ ಮಾಡೋದೇ ಇಲ್ಲ ಅಂದ ಮೇಲೆ, ಅದು ಐತಿ ಅಂತ ಹೆಂಗ ಗೊತ್ತಾತ್ರೀ?” ಎಂದು ಕೇಳಿದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಆ ಪಾಠಕ್ಕೆ ಕೇಳಬಹುದಾದ ಪ್ರಶ್ನೆಯೆಂದರೆ ಅದೊಂದೇ. ಉತ್ತರ ಪಾಠದಲ್ಲಿರಲಿಲ್ಲ, ಚರಿತ್ರೆಯಲ್ಲಿತ್ತು. ಆ ಚರಿತ್ರೆಯನ್ನು ಅವಳಿಗೆ ಹೇಳಿದ್ದಕ್ಕಿಂತ ಸ್ವಲ್ಪ ವಿಸ್ತಾರವಾಗಿ ನಿಮಗೆ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ನೀವು ಕುಳಿತು ಓದುತ್ತಿರುವ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರವಿದೆಯೆನ್ನಿ. ಅದರೊಳಗಿನ ಗಾಳಿಯಲ್ಲಿ ಹೆಚ್ಚುಕಡಿಮೆ 400 ಗ್ರಾಂ ಆರ್ಗಾನ್ ಇರುತ್ತದೆ. ಒಣಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಆಮೇಲೆ ಒಂದಕ್ಕೆ ಸ್ವಲ್ಪ ಕಡಿಮೆ, ಅಂದರೆ 0.93 ಪಾಲು ಈ ಆರ್ಗಾನ್. ನಾವು ದಿನವೂ ಹೆಸರು ಕೇಳುವ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಸುಮ್ಮನೆ ಎಳೆದುಕೊಳ್ಳುವ ಒಂದು ಉಸಿರಿನಲ್ಲಿ ಸರಿಸುಮಾರು ಒಂದು ಟೀ ಚಮಚೆಯಷ್ಟು ಆರ್ಗಾನ್ ಒಳಗೆ ಹೋಗುತ್ತದೆ, ಹೋದ ಹಾಗೆಯೇ ಹೊರಗೆ ಬರುತ್ತದೆ. ಇಷ್ಟು ಹತ್ತಿರದಲ್ಲಿ, ಇಷ್ಟು ಧಾರಾಳವಾಗಿ ಇದ್ದ ವಸ್ತು 1894ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಯಾರ ಕಣ್ಣಿಗೂ ಅಂದರೆ ತಪ್ಪಾದೀತು. ಒಬ್ಬನ ಕಣ್ಣಿಗೆ ಬಿದ್ದಿತ್ತು. ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ ಎಂಬ ಆಗರ್ಭ ಶ್ರೀಮಂತನ ಕಣ್ಣಿಗೆ, 1785ರಲ್ಲಿ. ಈ ಮನುಷ್ಯನ ಸಂಕೋಚ ಎಂಥದ್ದೆಂದರೆ ಹೆಂಗಸರ ಎದುರಿಗೆ ಬರುವುದೇ ಅವನಿಗೆ ಆಗುತ್ತಿರಲಿಲ್ಲವಂತೆ. ಊಟಕ್ಕೆ ಏನು ಬೇಕೆಂದು ಚೀಟಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಕೆಲಸದ ಹೆಂಗಸರು ಅವನ ಕಣ್ಣಿಗೆ ಬೀಳಕೂಡದೆಂಬ ಕಟ್ಟಪ್ಪಣೆ ಇತ್ತು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. (ಅಡುಗೆ ರುಚಿಯಾಗಿತ್ತೆಂದು ಒಂದು ಚೀಟಿಯನ್ನಾದರೂ ಬರೆದನೋ ಇಲ್ಲವೋ!) ಅದು ಹಾಗಿರಲಿ. ಆತ ಬಾಗಿದ ಗಾಜಿನ ಕೊಳವೆಯೊಂದರಲ್ಲಿ ಗಾಳಿ ತುಂಬಿ, ಆಮ್ಲಜನಕ ಸೇರಿಸಿ, ವಾರಗಟ್ಟಲೆ ವಿದ್ಯುತ್ತಿನ ಕಿಡಿ ಹಾರಿಸಿದ. ಕಿಡಿ ಹಾರಿದಂತೆ ಸಾರಜನಕ ಆಮ್ಲಜನಕದೊಂದಿಗೆ ಕೂಡಿಕೊಂಡು ಕ್ಷಾರದ ನೀರಿನಲ್ಲಿ ಕರಗುತ್ತ ಬಂತು. ಮಿಕ್ಕ ಆಮ್ಲಜನಕವನ್ನೂ ಹೀರಿಸಿದ್ದಾಯಿತು. ಈಗ ಕೊಳವೆ ಪೂರ್ತಿ ಖಾಲಿಯಾಗಬೇಕಿತ್ತು. ಆಗಲಿಲ್ಲ. ಒಂದು ಸಣ್ಣ ಗುಳ್ಳೆ ಉಳಿಯಿತು. ಮೊದಲಿದ್ದ ಸಾರಜನಕದ 120ನೇ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅಳೆದು ಬರೆದಿಟ್ಟು ಕ್ಯಾವೆಂಡಿಶ್ ಮುಂದಿನ ಕೆಲಸಕ್ಕೆ ಹೋದ.

ಆಮೇಲೆ ನೂರು ವರ್ಷಗಳಿಗೂ ಹೆಚ್ಚು ಕಾಲ ಆ ಗುಳ್ಳೆಯ ಗೊಡವೆಗೆ ಯಾರೂ ಹೋಗಲಿಲ್ಲ. ಜರಡಿಯಲ್ಲಿ ಉಳಿದ ಚೂರನ್ನು ಕಸಕ್ಕೆ ಕೊಡವಿದಂತೆ, ಪ್ರಯೋಗದಲ್ಲಿ ಏನೋ ಸ್ವಲ್ಪ ಏರುಪೇರಾಗಿದೆ ಎಂದುಕೊಂಡರು. ಅಷ್ಟು ದೊಡ್ಡ ದೊಡ್ಡ ಪಂಡಿತರು ಆ ಪುಟ ಓದಿಯೂ ಮುಂದಕ್ಕೆ ಹೋದದ್ದು ನನಗೆ ಇವತ್ತಿಗೂ ಸೋಜಿಗ.

ಗುಳ್ಳೆಯ ಕಥೆ ಮತ್ತೆ ಶುರುವಾಗುವುದು ಒಂದು ತಕ್ಕಡಿಯಿಂದ. ಲಾರ್ಡ್ ರಾಲೆ ಇಂಗ್ಲೆಂಡಿನ ಎಸೆಕ್ಸ್ ಕಡೆಯ ಜಮೀನುದಾರ. ಸಾವಿರಾರು ಎಕರೆ ಹೊಲ, ಹಸುಗಳ ಹಿಂಡು. ಅವರ ಡೈರಿಯ ಹಾಲು ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಜಮೀನಿನ ಉಸ್ತುವಾರಿಯನ್ನು ತಮ್ಮನಿಗೆ ಬಿಟ್ಟು ತಾವು ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡು, ಅನಿಲಗಳನ್ನು ಗಾಜಿನ ಬುರುಡೆಯಲ್ಲಿ ತುಂಬಿ ತೂಗುತ್ತ ಕೂತಿದ್ದರು. ಗಾಳಿಯನ್ನು ತೂಗುವುದೆಂದರೆ ಸಣ್ಣ ಕೆಲಸವಲ್ಲ. ಬುರುಡೆಯನ್ನು ಸುತ್ತಲಿನ ಗಾಳಿಯೇ ಮೇಲಕ್ಕೆ ಎತ್ತುತ್ತದೆ. ಅದಕ್ಕಾಗಿ ಇನ್ನೊಂದು ತಟ್ಟೆಯ ಕಡೆ ಅದೇ ಗಾತ್ರದ ಇನ್ನೊಂದು ಬುರುಡೆ ತೂಗುಹಾಕಬೇಕು. ಗಾಳಿ ತೆಗೆದಾಗ ಬುರುಡೆ ಕೂದಲೆಳೆಯಷ್ಟು ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವರು ಸಾರಜನಕವನ್ನು ಎರಡು ಬಗೆಯಲ್ಲಿ ತಯಾರಿಸಿದರು: ಗಾಳಿಯಿಂದ ಆಮ್ಲಜನಕವನ್ನು ತೆಗೆದುಹಾಕಿ ಒಂದು, ಅಮೋನಿಯದಂಥ ರಾಸಾಯನಿಕಗಳಿಂದ ಇನ್ನೊಂದು. ಒಂದೇ ಬುರುಡೆಯಲ್ಲಿ ತುಂಬಿದಾಗ ಗಾಳಿಯ ಸಾರಜನಕ 2.310 ಗ್ರಾಂ ತೂಗಿತು, ರಾಸಾಯನಿಕದ ಸಾರಜನಕ 2.299 ಗ್ರಾಂ ತೂಗಿತು. ವ್ಯತ್ಯಾಸ 11 ಮಿಲಿಗ್ರಾಂ, ಅಂದರೆ ಸುಮಾರು ಅರ್ಧ ಅಕ್ಕಿಕಾಳಿನ ತೂಕ. ನಮ್ಮ ಕಿರಾಣಿ ಅಂಗಡಿಯವನಿಗೆ ಇದನ್ನು ಹೇಳಿದರೆ, “ಹೋಗ್ರೀ ಅಕ್ಕಾರ, ಅಷ್ಟಕ್ಕೆಲ್ಲ ಜಗಳ ತೆಗೀಬ್ಯಾಡ್ರಿ” ಅಂದಾನು. ರಾಲೆ ಜಗಳ ತೆಗೆದರು, ತಮ್ಮ ತಕ್ಕಡಿಯ ಮೇಲೆಯೇ. ಮತ್ತೆ ತೂಗಿದರು, ತಯಾರಿಸುವ ದಾರಿ ಬದಲಿಸಿ ಮತ್ತೆ ತೂಗಿದರು. ಯಾವ ದಾರಿಯಲ್ಲಿ ಬಂದರೂ ಗಾಳಿಯಿಂದ ಬಂದ ಸಾರಜನಕವೇ ಅಷ್ಟು ಭಾರ. 1892ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಹೊಳೆದವರು ತಿಳಿಸಿ ಎಂದು ರಸಾಯನಶಾಸ್ತ್ರಜ್ಞರನ್ನು ಕೇಳಿಕೊಂಡರು. ಲಾರ್ಡ್ ಪದವಿಯವರು, ಕೇಂಬ್ರಿಜ್‌ನಲ್ಲಿ ಪ್ರೊಫೆಸರಾಗಿದ್ದವರು, ನನಗೆ ಅರ್ಥವಾಗುತ್ತಿಲ್ಲ ಎಂದು ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದು ಈ ಕಾಲದಲ್ಲೂ ಅಪರೂಪ.

ಈ ರಾಲೆಯವರ ವಿಷಯದಲ್ಲಿ ನನಗೆ ಪ್ರೀತಿ ಹುಟ್ಟಿಸಿದ್ದು ಇನ್ನೊಂದು ಪತ್ರ. 1891ರ ಜನವರಿಯಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಊರಿನಿಂದ ಆಗ್ನೆಸ್ ಪೋಕೆಲ್ಸ್ ಎಂಬ ಇಪ್ಪತ್ತೆಂಟರ ಹೆಣ್ಣುಮಗಳು ಅವರಿಗೆ ಜರ್ಮನ್ ಭಾಷೆಯಲ್ಲಿ ಒಂದು ಪತ್ರ ಬರೆದಳು. ಅಲ್ಲಿ ಆಗ ಹುಡುಗಿಯರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಗಳ ಆರೈಕೆ, ಮನೆಗೆಲಸ ಇವಳ ಪಾಲಿಗೆ. ಅದರ ನಡುವೆ ಅಡುಗೆಮನೆಯಲ್ಲಿ ಒಂದು ತಗಡಿನ ತೊಟ್ಟಿ, ಒಂದು ಗುಂಡಿ, ಒಂದು ತಕ್ಕಡಿ ಇಟ್ಟುಕೊಂಡು, ಜಿಡ್ಡು ಬಿದ್ದ ನೀರಿನ ಮೇಲ್ಮೈ ಹೇಗೆ ವರ್ತಿಸುತ್ತದೆಂದು ಹತ್ತು ವರ್ಷ ಅಳೆದಿದ್ದಳು. ಪಾತ್ರೆ ತೊಳೆಯುವಾಗ ನಾವೆಲ್ಲ ದಿನಾ ನೋಡುವ ನೀರೇ! ರಾಲೆ ಆ ಪತ್ರವನ್ನು ಬದಿಗೆ ಸರಿಸಲಿಲ್ಲ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ತಮ್ಮ ಶಿಫಾರಸಿನೊಂದಿಗೆ ‘ನೇಚರ್’ಗೆ ಕಳಿಸಿದರು, ಮಾರ್ಚಿಯಲ್ಲಿ ಅದು ಅವಳ ಹೆಸರಿನಲ್ಲೇ ಅಚ್ಚಾಯಿತು. ಅವರ ನಾದಿನಿ, ಹೆಂಡತಿಯ ಅಕ್ಕ, ಎಲಿನೋರ್ ಸಿಜ್‌ವಿಕ್ ಕೂಡ ಕೇಂಬ್ರಿಜ್‌ನಲ್ಲಿ ಅವರ ಜೊತೆ ಕೂತು ವಿದ್ಯುತ್ತಿನ ಅಳತೆಯ ಮಾನಗಳನ್ನು ನಿಗದಿ ಮಾಡಿದವಳು. ಪ್ರಬಂಧಗಳಲ್ಲಿ ಇಬ್ಬರ ಹೆಸರೂ ಇವೆ. ರಾಲೆ ಆ ತಕ್ಕಡಿಯ ಪತ್ರ ಬರೆದ 1892ರಲ್ಲೇ ಆಕೆ ಹೆಣ್ಣುಮಕ್ಕಳ ನ್ಯೂನಮ್ ಕಾಲೇಜಿನ ಪ್ರಿನ್ಸಿಪಾಲಳಾದಳು. ಅಡುಗೆಮನೆಯಿಂದ ಬಂದ ಪತ್ರವನ್ನೂ ಅರ್ಧ ಅಕ್ಕಿಕಾಳಿನ ತೂಕವನ್ನೂ ಕಡೆಗಣಿಸದವನು ಒಬ್ಬನೇ ಮನುಷ್ಯನಾದದ್ದು ಕಾಕತಾಳೀಯವೆಂದು ನನಗಂತೂ ಅನ್ನಿಸುವುದಿಲ್ಲ.

1894ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರ‍್ಯಾಮ್ಸೆ ಜೊತೆಗೂಡಿದರು. ಕಾಯಿಸಿದ ಮೆಗ್ನೀಷಿಯಂ ಲೋಹ ಸಾರಜನಕವನ್ನು ನುಂಗುತ್ತದೆ. ಗಾಳಿಯಿಂದ ಪಡೆದ ಸಾರಜನಕವನ್ನು ಅದರ ಮೇಲೆ ಮತ್ತೆ ಮತ್ತೆ ಹಾಯಿಸಿದಾಗ ಉಳಿದ ಅನಿಲ ಕಡಿಮೆಯಾದಷ್ಟೂ ಭಾರವಾಗುತ್ತ ಹೋಯಿತು. ಇತ್ತ ರಾಲೆ ಕ್ಯಾವೆಂಡಿಶ್‌ನ ಹಳೆಯ ಕಿಡಿಯ ಪ್ರಯೋಗವನ್ನೇ ದೊಡ್ಡದಾಗಿ ಮಾಡಿ ಅದೇ ಗುಳ್ಳೆಯನ್ನು ಹಿಡಿದರು. ಅದರೊಳಗೆ ವಿದ್ಯುತ್ ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದರೆ ಯಾವ ಗೊತ್ತಿದ್ದ ವಸ್ತುವಿಗೂ ಹೊಂದದ ಕೆಂಪು, ಹಸಿರು ಗೆರೆಗಳು. ಪ್ರತಿಯೊಂದು ಮೂಲವಸ್ತುವಿಗೂ ಅದರದೇ ಬಣ್ಣದ ಗೆರೆಗಳಿರುತ್ತವೆ, ಬೆರಳಚ್ಚಿದ್ದಂತೆ. ಬಣ್ಣವಿಲ್ಲದ ಈ ಅನಿಲಕ್ಕೂ ಬೆರಳಚ್ಚು ಇತ್ತು.

ಆ ವರ್ಷದ ಆಗಸ್ಟ್ 13ರಂದು ಆಕ್ಸ್‌ಫರ್ಡಿನ ವಿಜ್ಞಾನಿಗಳ ಸಭೆಯಲ್ಲಿ ಇಬ್ಬರೂ ಸುದ್ದಿ ಹೇಳಿದರು. ಗ್ರೀಕ್ ಭಾಷೆಯಲ್ಲಿ ‘ಆರ್ಗೋಸ್’ ಎಂದರೆ ಕೆಲಸ ಮಾಡದ್ದು, ಸೋಮಾರಿ. ಅದರಿಂದ ಆರ್ಗಾನ್ ಎಂದು ಹೆಸರಾಯಿತು. ಎಲ್ಲರೂ ಕೂಡಲೇ ಒಪ್ಪಿದರೆಂದಲ್ಲ. ಮೂಲವಸ್ತುಗಳನ್ನು ಪಟ್ಟಿಕಟ್ಟಿದ್ದ ರಷ್ಯದ ಮೆಂಡಲೀವ್‌ಗೆ ತನ್ನ ಪಟ್ಟಿಯಲ್ಲಿ ಇದಕ್ಕೆ ಜಾಗ ಕಾಣಲಿಲ್ಲ. ಸಾರಜನಕದ ಮೂರು ಪರಮಾಣು ಸೇರಿ ಆದದ್ದಿರಬೇಕೆಂದ. ರ‍್ಯಾಮ್ಸೆ ಒಂದಿಷ್ಟು ಆರ್ಗಾನನ್ನು ಪ್ಯಾರಿಸ್ಸಿನ ಮ್ವಾಸಾನ್‌ಗೆ ಕಳಿಸಿದರು. ಯಾರನ್ನೂ ಬಿಡದೆ ಮೈಮೇಲೆ ಬೀಳುವ ಫ್ಲೋರಿನ್ ಅನಿಲವನ್ನು ಮೊದಲು ಬೇರ್ಪಡಿಸಿದವನು ಆತ. ಆ ಫ್ಲೋರಿನ್ನಿಗೂ ಆರ್ಗಾನ್ ಜಗ್ಗಲಿಲ್ಲ.

ಯಾಕೆ ಜಗ್ಗುವುದಿಲ್ಲ ಎಂಬುದನ್ನು ನಾನು ಮಕ್ಕಳಿಗೆ ಹೀಗೆ ಹೇಳುತ್ತಿದ್ದೆ. ಸೋಡಿಯಂ ಎಂಬ ಮನೆಯಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚು, ಕ್ಲೋರಿನ್ ಎಂಬ ಮನೆಯಲ್ಲಿ ಒಂದು ಕಡಿಮೆ. ಕೊಟ್ಟು ತೆಗೆದುಕೊಂಡು ಉಪ್ಪಾಗುತ್ತವೆ. ಆರ್ಗಾನ್ ಮನೆಯಲ್ಲಿ ಒಳಗಿಂದ ಹೊರಗೆ 2, 8, 8 ಎಂದು ಡಬ್ಬಿಗಳೆಲ್ಲ ಭರ್ತಿ. ಪಕ್ಕದ ಮನೆಗೆ ಸಕ್ಕರೆ ಕಡ ಕೇಳಲು ಹೋಗುವ ಪ್ರಮೇಯವೇ ಇಲ್ಲ. ತನ್ನಂಥ ಇನ್ನೊಂದು ಆರ್ಗಾನಿನ ಜೊತೆಗೂ ಜೋಡಿಯಾಗದೆ ಒಂಟಿ ಪರಮಾಣುವಾಗಿಯೇ ತಿರುಗುತ್ತದೆ. ಅದನ್ನು ದ್ರವ ಮಾಡಬೇಕಾದರೆ ಸೊನ್ನೆಗಿಂತ 186 ಡಿಗ್ರಿ ಕೆಳಗೆ ತಣಿಸಬೇಕು. ಇನ್ನು ಮೂರೇ ಡಿಗ್ರಿ ಕೆಳಗಿಳಿದರೆ ಗಟ್ಟಿಯೂ ಆಗಿಬಿಡುತ್ತದೆ. 2000ನೇ ಇಸವಿಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿಜ್ಞಾನಿಗಳು ಕಡೆಗೂ ಅದನ್ನು ಜಲಜನಕ ಮತ್ತು ಅದೇ ಫ್ಲೋರಿನ್ ಜೊತೆ ಕೂಡಿಸಿದರು. ಆದರೆ ಆ ಕೂಡಿಕೆ ಉಳಿಯುವುದು ಸೊನ್ನೆಗಿಂತ ಸುಮಾರು 246 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ. ಸ್ವಲ್ಪ ಬೆಚ್ಚಗಾದರೆ ಮತ್ತೆ ಅವರವರ ದಾರಿ ಅವರವರಿಗೆ.

‘ಸೋಮಾರಿ’ ಎಂಬ ಆ ಹೆಸರು ಮಾತ್ರ ನನಗೆ ಹಿಡಿಸಿಲ್ಲ. ಜನಗಣತಿಯವರು ಬಂದಾಗ ನಮ್ಮ ಓಣಿಯ ಹೆಂಗಸರು “ನಮ್ಮದೇನೂ ಕೆಲಸ ಇಲ್ರೀ, ಮನ್ಯಾಗ ಇರ್ತೀವಿ” ಎಂದು ಬರೆಸುವುದನ್ನು ಕೇಳಿದ್ದೇನೆ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಅವರು ‘ಇರುವ’ ಬಗೆ ಎಂಥದ್ದೆಂದು ಎಲ್ಲರಿಗೂ ಗೊತ್ತು. ಆರ್ಗಾನಿನದೂ ಅದೇ ಕಥೆ. ನಾವು ಬೆಳೆದ ಕಾಲದ ಹಳದಿ ಬೆಳಕಿನ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗದಂತೆ ಸುತ್ತ ನಿಂತದ್ದು ಮುಖ್ಯವಾಗಿ ಆರ್ಗಾನ್. 1913ರಲ್ಲಿ ಅಮೆರಿಕದ ಲ್ಯಾಂಗ್‌ಮ್ಯೂರ್ ಬಲ್ಬಿನೊಳಗೆ ಅನಿಲ ತುಂಬುವ ದಾರಿ ತೋರಿಸಿದ ಮೇಲೆ ಬಲ್ಬುಗಳ ಆಯುಸ್ಸು ಹೆಚ್ಚಿತು. ಈಗ ಎಲ್‌ಇಡಿ ಬಂದು ಅವೆಲ್ಲ ಮೂಲೆ ಸೇರಿವೆ ಬಿಡಿ. ಆದರೆ ನಿಮ್ಮ ಅಡುಗೆಮನೆಯ ಸ್ಟೀಲಿನ ಪಾತ್ರೆ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ತಯಾರಿಸುವಾಗ ಕರಗಿದ ಉಕ್ಕಿನೊಳಗೆ ಆಮ್ಲಜನಕದ ಜೊತೆ ಆರ್ಗಾನನ್ನು ಊದುವುದು ಎಲ್ಲೆಡೆ ರೂಢಿಯಲ್ಲಿದೆ. ಬೇಡದ ಇಂಗಾಲ ಉರಿದುಹೋಗಬೇಕು, ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಮಾತ್ರ ಉರಿಯಬಾರದು. ಆರ್ಗಾನ್ ಇಲ್ಲದೆ ಅದು ಸುಲಭದಲ್ಲಿ ಸಾಧಿಸುವುದಿಲ್ಲ. ಸ್ಟೀಲಿನ ಕಟಕಟೆಗಳನ್ನು ಬೆಸೆಯುವಾಗಲೂ ಕಾದ ಲೋಹಕ್ಕೆ ಗಾಳಿ ತಾಗದಂತೆ ಹೊದಿಕೆಯಾಗುವುದು ಅದೇ. ಆದರೆ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ತೊಟ್ಟಿಯಲ್ಲಿ, ಹಳ್ಳದಲ್ಲಿ ಸೋರಿ ತುಂಬಿಕೊಂಡರೆ ಉಸಿರಿನ ಗಾಳಿಯನ್ನು ಹೊರಗೆ ನೂಕಿ, ವಾಸನೆಯ ಸುಳಿವೂ ಕೊಡದೆ ಆಳನ್ನು ಕೊಂದುಬಿಡುತ್ತದೆ.

ಆರ್ಗಾನ್ ಸಿಕ್ಕ ಮೇಲೆ ಅದರ ಬಂಧುಬಳಗವೇ ಹೊರಬಂತು, ಮತ್ತು ಆ ಕಥೆಯ ಒಂದು ತುದಿ ನಮ್ಮ ಕಡೆ ಇದೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಅದರ ನೆರಳು ನಮ್ಮ ನೆಲದ ಮೇಲೆ ಹಾಯ್ದು ಗುಂಟೂರಿನ ಕಡೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಬಂದು ಕೂತಿದ್ದ. ಅದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹ ಕಂಡುಹಿಡಿದ ಹರ್ಷೆಲ್ಲನ ಮೊಮ್ಮಗ, ಮತ್ತು ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ರೋಹಿತದರ್ಶಕ ಹಿಡಿದು ನಿಂತಿದ್ದುದನ್ನು ಹೇಳುವವರು ಕಡಿಮೆ. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹರ್ಷೆಲ್‌ಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂನ ಗೆರೆಯೇ ಎಂದುಕೊಂಡ. ಅದು ಸೋಡಿಯಂ ಅಲ್ಲವೆಂದು ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಲಾಕ್ಯರ್ ತೋರಿಸಿಕೊಟ್ಟ. ಸೂರ್ಯನ ಹೆಸರಿನಿಂದ ಹೀಲಿಯಂ ಎಂದು ಕರೆದದ್ದಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ಆರ್ಗಾನನ್ನು ಹುಡುಕುತ್ತ ಒಂದು ಯುರೇನಿಯಂ ಅದಿರನ್ನು ಆಮ್ಲದಲ್ಲಿ ಕುದಿಸಿದ ರ‍್ಯಾಮ್ಸೆಗೆ.

1898ರ ಬೇಸಿಗೆಯಲ್ಲಿ ರ‍್ಯಾಮ್ಸೆ ಮತ್ತು ಅವರ ಸಹಾಯಕ ಮಾರಿಸ್ ಟ್ರಾವರ್ಸ್ ಎಂಬ ತರುಣ ದ್ರವರೂಪದ ಗಾಳಿಯನ್ನು ನಿಧಾನವಾಗಿ ಆವಿ ಮಾಡಿ, ಬೆಣ್ಣೆ ಕಾಯಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯಂತೆ ಕಡೆಗೆ ಉಳಿದದ್ದನ್ನು ಪರೀಕ್ಷಿಸಿದರು. ಕ್ರಿಪ್ಟಾನ್ ಸಿಕ್ಕಿತು. ಆಮೇಲೆ ನಿಯಾನ್, ಕ್ಸೆನಾನ್, ಎಲ್ಲವೂ ಕೆಲವೇ ವಾರಗಳಲ್ಲಿ. ನಿಯಾನ್ ಎಂದರೆ ಹೊಸತು. ಆ ಹೆಸರಿನ ಯೋಚನೆ ರ‍್ಯಾಮ್ಸೆಯವರ ಹದಿಮೂರು ವರ್ಷದ ಮಗನದು. ಮೆಂಡಲೀವನ ಪಟ್ಟಿಗೆ ಹೊಸ ಸಾಲೊಂದನ್ನೇ ಸೇರಿಸಬೇಕಾಯಿತು. 1904ರಲ್ಲಿ ರಾಲೆಗೆ ಭೌತಶಾಸ್ತ್ರದ, ರ‍್ಯಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಈ ರ‍್ಯಾಮ್ಸೆ ನಮಗೆ ಪರಕೀಯರಲ್ಲ. ಜಮ್‌ಸೇಟ್‌ಜಿ ಟಾಟಾ ಒಂದು ದೊಡ್ಡ ವಿಜ್ಞಾನ ಸಂಸ್ಥೆಯ ಕನಸು ಕಂಡಾಗ, ಎಲ್ಲಿ, ಹೇಗೆ ಎಂದು ನೋಡಿ ಹೇಳಲು 1900ರ ಚಳಿಗಾಲದಲ್ಲಿ ಅವರನ್ನು ಕರೆಸಲಾಯಿತು. ದೇಶ ಸುತ್ತಿ ಅವರು ಶಿಫಾರಸು ಮಾಡಿದ ಊರು ಬೆಂಗಳೂರು. ಆಗ ಮೈಸೂರಿನಲ್ಲಿ ಆಡಳಿತದ ಚುಕ್ಕಾಣಿ ಹಿಡಿದಿದ್ದವರು ಬಾಲಕ ಮಹಾರಾಜರ ತಾಯಿ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ದಿವಾನರು ಶೇಷಾದ್ರಿ ಅಯ್ಯರ್. ಮುಂದೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಸಂಸ್ಥೆಯನ್ನು ಕಟ್ಟಿ ನಡೆಸಲು ಮೊದಲ ನಿರ್ದೇಶಕರಾಗಿ 1906ರಲ್ಲಿ ಬಂದವರು ಅದೇ ಟ್ರಾವರ್ಸ್, ಕ್ರಿಪ್ಟಾನಿನ ಟ್ರಾವರ್ಸ್. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. 1914ರಲ್ಲಿ ಆತ ಇಂಗ್ಲೆಂಡಿಗೆ ಮರಳಿದರು. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಕಟ್ಟಡದ ಮುಂದೆ ಬಸ್ಸಿನಲ್ಲಿ ಹೋಗುವಾಗ ನನಗೆ ಕ್ಯಾವೆಂಡಿಶ್‌ನ ಗುಳ್ಳೆಯ ನೆನಪಾಗುತ್ತದೆ.

ಒಂದು ಮಾತು ಬಾಕಿ ಇದೆ. ಗಾಳಿಯಲ್ಲಿ ಇಷ್ಟೊಂದು ಆರ್ಗಾನ್ ಬಂದದ್ದೆಲ್ಲಿಂದ? ಪೊಟ್ಯಾಸಿಯಂನಿಂದ. ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ, ಬೇಳೆಯಲ್ಲಿ, ಕಲ್ಲಿನಲ್ಲಿ ಇರುವ ಪೊಟ್ಯಾಸಿಯಂನ ಒಂದು ಅತಿ ಸಣ್ಣ ಪಾಲು ತಾನೇ ಒಡೆಯುತ್ತ ಹೋಗುತ್ತದೆ; ಅದು ಅರ್ಧಕ್ಕಿಳಿಯಲು 125 ಕೋಟಿ ವರ್ಷ ಬೇಕು. ಒಡೆದ ನೂರರಲ್ಲಿ ಹತ್ತು ಹನ್ನೊಂದು ಆರ್ಗಾನ್ ಆಗುತ್ತವೆ. ನಮ್ಮ ಮೈಯೊಳಗೇ ಸೆಕೆಂಡಿಗೆ ಕೆಲವು ನೂರು ಆರ್ಗಾನ್ ಪರಮಾಣುಗಳು ಹೀಗೆ ಹುಟ್ಟುತ್ತಿರುತ್ತವೆ. ಕರಗಿದ ಲಾವಾದಿಂದ ಆರ್ಗಾನ್ ತಪ್ಪಿಸಿಕೊಂಡು ಹೋಗುತ್ತದೆ. ಲಾವಾ ಆರಿ ಕಲ್ಲಾದ ಮೇಲೆ ಹುಟ್ಟಿದ್ದು ಅದರೊಳಗೇ ಸೆರೆಯಾಗುತ್ತದೆ. ಎಷ್ಟು ಕೂಡಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ದಖನ್ನಿನ ಕರಿಕಲ್ಲಿಗೆ ಸುಮಾರು 6 ಕೋಟಿ 60 ಲಕ್ಷ ವರ್ಷ ಎಂಬ ಲೆಕ್ಕಕ್ಕೆ ಆರ್ಗಾನಿನ ಈ ಅಳತೆಯೂ ಆಧಾರ. ಗೋಲಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಲ್ಲಿ. 1868ರಲ್ಲಿ ಕ್ಯಾಪ್ಟನ್ ಹೇಗ್ ವಿಜಾಪುರದಲ್ಲಿ ಸೂರ್ಯನತ್ತ ಮುಖ ಮಾಡಿ ಹೊಸ ಗೆರೆಗಳನ್ನು ನೋಡುತ್ತಿದ್ದಾಗ, ಇನ್ನೂ ಹೆಸರಿಲ್ಲದ ಆರ್ಗಾನ್ ಅವನ ಕಾಲ ಕೆಳಗಿನ ಬಂಡೆಯಲ್ಲಿ ಕೂಡುತ್ತಲೇ ಇತ್ತು.